ಕಾಕಾನ ಹಾಸಿಗೆ, ಅಕ್ಕೋರ ಸುಧಾರಣೆ

ಇಚಲಕರಂಜಿಯ ಸ್ಟ್ಯಾಂಡಿನಲ್ಲಿ ಬಸ್ಸಿಳಿದ ಕೂಡಲೇ ಮೂಗಿಗೆ ಬಡಿಯುವುದು ಗಂಜಿಯ ವಾಸನೆ. ಊಟದ ಗಂಜಿಯಲ್ಲ, ನೂಲಿನ ಗಂಜಿ. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಗಂಜಿಯಲ್ಲಿ ಅದ್ದಿ ಒಣಗಿಸುತ್ತಾರೆ, ಇಲ್ಲದಿದ್ದರೆ ಎಳೆ ತಡೆಯುವುದಿಲ್ಲ. ಬೇಸಿಗೆಯಲ್ಲಿ ಆ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮಳೆ ಬಿತ್ತೆಂದರೆ ಮೇಲೇರಲಾರದೆ ಓಣಿಗಳಲ್ಲೇ ಉಳಿದುಬಿಡುತ್ತದೆ. ಕೊಲ್ಹಾಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿಕೊಂಡು ಮೂಗನ್ನು ಮರೆತವಳಂತೆ ಇದ್ದ ನಾನು ಮೊನ್ನೆ ಜುಲೈಯಲ್ಲಿ ಅಲ್ಲಿ ಇಳಿದಾಗ, ಆ ವಾಸನೆ ನನ್ನನ್ನು ಕೈಹಿಡಿದು ನಾವಿದ್ದ ಹಳೆಯ ಖೋಲಿಯ, ಆ ಒಂಟಿ ಕೋಣೆಯ ಬಾಗಿಲಿಗೆ ತಂದು ನಿಲ್ಲಿಸಿತು.

ಹೋಗಿದ್ದು ಒಂದು ಸತ್ಕಾರ ಸಮಾರಂಭಕ್ಕೆ. ಸುನಂದಾ ಅಕ್ಕೋರಿಗೆ ಎಪ್ಪತ್ತೈದು ತುಂಬಿತ್ತು. ಪುಣೆಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದು, ನೌಕರಿ ಬಿಟ್ಟು ಚುನಾವಣೆಗೆ ನಿಂತು, ಒಂದು ಸಲ ಗೆದ್ದು ಶಾಸಕಿಯಾಗಿ, ಮುಂದಿನ ಸಲ ಸೋತು, ಈಗ ಗಡಹಿಂಗ್ಲಜದಲ್ಲಿ ತಂಗಿಯ ಜೊತೆ ಇರುವವರು. ಅವರು ಮೊದಲು ಚುನಾವಣೆಗೆ ನಿಂತ ಮಳೆಗಾಲದ ಬಗ್ಗೆ ನಾನು ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಫೋನ್ ಮಾಡಿದ್ದರು. 'ನೀವು ಅದನ್ನು ಕಣ್ಣಾರೆ ಕಂಡವರು' ಎಂದರು. ಕಂಡವಳು ಹೌದು. ಕಂಡದ್ದನ್ನೆಲ್ಲ ಹೇಳುತ್ತೇನೆಂದು ಮಾತ್ರ ನಾನು ಮಾತು ಕೊಡಲಿಲ್ಲ.

ಆ ವರ್ಷ ನಾನು ಬಾರಾವಿ. ಹನ್ನೆರಡನೇ ಇಯತ್ತೆ ಎನ್ನುವುದಕ್ಕೆ ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುವುದು. ಅಥಣಿ ಕಡೆಯ ಹಳ್ಳಿಯಿಂದ ಇಚಲಕರಂಜಿಗೆ ವಿದ್ಯುತ್ ಮಗ್ಗದ ಕೆಲಸಕ್ಕೆ ಬಂದ ಮನೆ ನಮ್ಮದು. ಅಪ್ಪ, ಅವ್ವ, ನಾನು, ಅಪ್ಪನ ತಮ್ಮ ಸಿದ್ದಪ್ಪ ಕಾಕಾ. ನಾಲ್ವರಿಗೂ ಸೇರಿ ಒಂದೇ ಖೋಲಿ, ಅದರಲ್ಲೇ ಒಲೆ, ಅದರಲ್ಲೇ ಬಚ್ಚಲು, ದೇವರೂ ಅಲ್ಲೇ. ಎರಡು ಹಾಸಿಗೆ ಹಾಸಿದರೆ ನೆಲ ಮುಗಿಯಿತು. ಒಂದರಲ್ಲಿ ಅವ್ವ ಮತ್ತು ನಾನು, ಇನ್ನೊಂದರಲ್ಲಿ ಅಪ್ಪ. ಹಗಲು ಅಪ್ಪನ ಹಾಸಿಗೆ ಕಾಕಾನದಾಗುತ್ತಿತ್ತು.

ಇದು ಹೇಗೆಂದರೆ, ಅಣ್ಣತಮ್ಮ ಇಬ್ಬರೂ ಒಂದೇ ಕಾರ್ಖಾನೆಯಲ್ಲಿ, ಅವೇ ಮಗ್ಗಗಳ ಮುಂದೆ ಹನ್ನೆರಡು ಹನ್ನೆರಡು ತಾಸು ನಿಲ್ಲುತ್ತಿದ್ದರು. ಹಗಲು ಅಪ್ಪ, ರಾತ್ರಿ ಕಾಕಾ. ಬೇರೆಯವರ ಪಾಳಿ ವಾರಕ್ಕೊಮ್ಮೆ ಅದಲು ಬದಲಾಗುತ್ತಿತ್ತು. ಕಾಕಾ ಮಾತ್ರ ಮಾಲಕರಿಗೆ ಹೇಳಿ ಕಾಯಂ ರಾತ್ರಿಯನ್ನೇ ತೆಗೆದುಕೊಂಡಿದ್ದ. ಯಾಕೆಂದು ಯಾರಾದರೂ ಕೇಳಿದರೆ, 'ರಾತ್ರಿ ತಂಪಿರತೈತಿ' ಅನ್ನುತ್ತಿದ್ದ. ನಿಜ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅಣ್ಣ ಅತ್ತಿಗೆ, ಬೆಳೆದ ಹುಡುಗಿ ಮಲಗುವ ಒಂದೇ ಖೋಲಿಯಲ್ಲಿ ಮೈದುನ ರಾತ್ರಿ ಎಲ್ಲಿ ಮಲಗಬೇಕು? ಅವನು ರಾತ್ರಿ ದುಡಿಯುತ್ತಾನೆ, ಆದ್ದರಿಂದ ಆ ಪ್ರಶ್ನೆಯೇ ಏಳುವುದಿಲ್ಲ. ನಾವು ಊಟಕ್ಕೆ ಕುಳಿತಂತೆ, ಹೊತ್ತು ಹೊತ್ತಿಗೆ, ಆ ಹಾಸಿಗೆಯನ್ನೂ ಹಂಚಿಕೊಂಡಿದ್ದೆವು. ಅದು ತಣ್ಣಗಾದದ್ದನ್ನು ನಾನು ನೋಡಿಯೇ ಇರಲಿಲ್ಲ.

ಅಕ್ಕೋರು ನಮ್ಮ ಓಣಿಗೆ ಬಂದದ್ದು ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಿದ್ದ ಮರುದಿನ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಅನ್ನುವ ರೂಢಿ, ಹಾಗಾಗಿ ಅವರು ಮೊದಲ ದಿನವೇ ಅಕ್ಕೋರಾದರು. ಗಿಡ್ಡ ಆಳು, ಕಾಟನ್ ಸೀರೆ, ಕೆಸರಿನಲ್ಲಿ ಜಾರದಂತೆ ಬೆರಳೂರಿ ನಡೆಯುವ ನಡಿಗೆ. ಗಡಹಿಂಗ್ಲಜದ ಅಜ್ಜಿಯಿಂದ ಕಲಿತ ಕನ್ನಡ, ಪುಣೆಯ ಮರಾಠಿ ಎರಡನ್ನೂ ಕಲಸಿ ಮಾತಾಡುತ್ತಿದ್ದರು. ಮಾರುತಿ ಗುಡಿಯ ಕಟ್ಟೆಯ ಮೇಲೆ ನಿಂತು ಅಂದರು:

"ಓಟು ಕೇಳಾಕ ಬಂದಿಲ್ಲ ಅಂತ ನಾ ಸುಳ್ಳ ಹೇಳೂದಿಲ್ಲ. ಓಟು ಕೇಳಾಕs ಬಂದೀನಿ. ಆದ್ರ ಮೊದಲ ಒಂದು ಮಾತು. ನಿಮ್ಮ ಈ ಕೆಲಸಕ್ಕ ಸುಧಾರಣಾ ಬೇಕು. ನೀವೆಲ್ಲಾರೂ ಕೂಡಿ ಸುಧಾರಿಸ್ಕೋಬೇಕು."

ಮುಂದೆ ಕುಳಿತಿದ್ದ ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು, "ಹುಟ್ಟಿದಾಗಿಂದ ಸುಧಾರಿಸ್ಕೊಂಡs ಬಂದೀವ್ರಿ ಅಕ್ಕೋರ. ಇನ್ನೂ ಎಷ್ಟ ಸುಧಾರಿಸ್ಕೊಳ್ಳೂದು?" ಅಂದಳು.

ಕಟ್ಟೆಯ ಸುತ್ತ ಇದ್ದವರೆಲ್ಲ ನಕ್ಕರು. ಅಕ್ಕೋರಿಗೆ ಅರ್ಥವಾಗಲಿಲ್ಲ. ನಮ್ಮ ಮಾತಿನಲ್ಲಿ ಸುಧಾರಿಸಿಕೊಳ್ಳುವುದೆಂದರೆ ಇದ್ದುದರಲ್ಲೇ ಹೇಗೋ ಹೊಂದಿಸಿಕೊಂಡು ಹೋಗುವುದು. ಬಿಸಿಲಲ್ಲಿ ನಡೆದು ಬಂದವರಿಗೆ ಕುಳಿತು ಉಸಿರು ತಗೊಳ್ಳಿ ಅನ್ನುವಾಗಲೂ ಅದೇ ಮಾತು. ಬದಲಾವಣೆ ತರುವುದೆಂಬ ಅರ್ಥ ಪತ್ರಿಕೆಯವರಿಗೆ, ಭಾಷಣದವರಿಗೆ. ಕಾಕಾ ಎದ್ದು ನಿಂತು ಇದನ್ನು ಬಿಡಿಸಿ ಹೇಳಿದ. ಅಕ್ಕೋರು ತಲೆ ಹಿಂದಕ್ಕೆ ಹಾಕಿ ನಕ್ಕರು. ಅವತ್ತಿನಿಂದ ಪ್ರತಿ ಸಭೆಯಲ್ಲೂ ಅವ್ವನ ಮಾತನ್ನು ಹೇಳಿಯೇ ಭಾಷಣ ಶುರು ಮಾಡುತ್ತಿದ್ದರು. ಪ್ರತಿ ಸಭೆಯಲ್ಲೂ ಬಾವುಟ ಹಿಡಿದು ಕಾಕಾ ಮುಂದೆ ಇರುತ್ತಿದ್ದ. ಹಗಲೆಲ್ಲ ಅವರ ಹಿಂದೆ ಸುತ್ತಿ, ನಿದ್ದೆಗೆಟ್ಟು, ರಾತ್ರಿ ಮಗ್ಗದ ಮುಂದೆ ತೂಕಡಿಸುತ್ತಿದ್ದ.

ಅಕ್ಕೋರ ವಿಚಾರ ಇಷ್ಟೇ. ಹನ್ನೆರಡು ತಾಸಿನ ಎರಡು ಪಾಳಿ ತೆಗೆದು ಎಂಟು ತಾಸಿನ ಮೂರು ಪಾಳಿ ಮಾಡಬೇಕು. ಕೊನೆಯ ನಾಲ್ಕು ತಾಸಿನಲ್ಲಿ ದಣಿದ ಕೆಲಸಗಾರನ ಕಣ್ಣು ತಪ್ಪಿ ಎಳೆ ಕಡಿಯುತ್ತದೆ, ಬಟ್ಟೆ ಕೆಡುತ್ತದೆ, ಮಗ್ಗ ಸುಮ್ಮನೆ ನಿಲ್ಲುತ್ತದೆ. ಆ ನಷ್ಟ ತಪ್ಪಿದರೆ ಕೂಲಿಯ ದರ ಏರಿಸಿದರೂ ಮಾಲಕರಿಗೆ ಹೊರೆಯಾಗುವುದಿಲ್ಲ. ಅವರು ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದ್ದರು. ಭಾಷಣ ಸಾಕು, ಮಾಡಿ ತೋರಿಸಿ ಎಂದು ಎದುರಾಳಿಗಳು ಛೇಡಿಸಿದಾಗ, ನಮ್ಮ ಮಾಲಕರು ಒಪ್ಪಿಕೊಂಡರು. ಅವರ ಮಗಳು ಪುಣೆಯಲ್ಲಿ ಅಕ್ಕೋರ ವಿದ್ಯಾರ್ಥಿನಿಯಾಗಿದ್ದಳು. ಹಾಗಾಗಿ ಚುನಾವಣೆಗೆ ಮೊದಲಿನ ಆ ಮಳೆಗಾಲವಿಡೀ ನಮ್ಮ ಕಾರ್ಖಾನೆಯಲ್ಲಿ ಮೂರು ಪಾಳಿ ನಡೆಯುವುದೆಂದು ಆಯಿತು.

ಅದಕ್ಕಿಂತ ಮೊದಲು ಅಕ್ಕೋರು ನಮ್ಮ ಮನೆಗೂ ಬಂದಿದ್ದರು. ಕಾಕಾ ಆಗಷ್ಟೇ ಎದ್ದು ಹಾಸಿಗೆ ಸುತ್ತಿ ಗೋಡೆಗೆ ಆನಿಸಿದ್ದ. ಅಕ್ಕೋರು ಅದಕ್ಕೇ ಒರಗಿ ಕುಳಿತು ಚಹಾ ಕುಡಿದರು.

"ಸಿದ್ದಪ್ಪ, ನೀ ಒಬ್ಬನs ಯಾಕ ಕಾಯಂ ರಾತ್ರಿ ಪಾಳಿ ತಗೊಂಡಿ?"

"ತಂಪಿರತೈತ್ರಿ ಅಕ್ಕೋರ."

"ಮೈ ಹಾಳಾಗತೈತಿ."

"ಮೈ ಅಷ್ಟs ಅಲ್ರಿ," ಅವ್ವ ನಡುವೆ ಬಾಯಿ ಹಾಕಿದಳು. "ರಾತ್ರಿ ಪಾಳಿಯವಗ ಹೆಣ್ಣ ಯಾರ ಕೊಡ್ತಾರ್ರಿ? ಕೇಳಾಕ ಹೋದಲ್ಲೆಲ್ಲಾ ಅದs ಮಾತ. ಮೂವತ್ತ ದಾಟೇತಿ ಇವಗ."

ಕಾಕಾ ನಾಚಿಕೊಂಡು ಹೊರಗೆ ಹೋಗಿಬಿಟ್ಟ. ಅಕ್ಕೋರು ನಗುತ್ತಾ, "ಪಾಳಿ ನಾ ಸರಿ ಮಾಡ್ತೀನಿ, ಹೆಣ್ಣನೂ ನಮ್ಮ ಗಡಹಿಂಗ್ಲಜದಾಗ ನಾನs ನೋಡ್ತೀನಿ," ಅಂದರು. ಸುತ್ತಿದ ಹಾಸಿಗೆ ಅವರ ಬೆನ್ನ ಹಿಂದೆಯೇ ಇತ್ತು. ಅದು ಯಾರದು, ಯಾವಾಗ ಯಾರು ಮಲಗುತ್ತಾರೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ನಾವು ಹೇಳುತ್ತಿದ್ದೆವೇ? ನನಗೆ ಅನುಮಾನವೇ. ಬಡತನವನ್ನಾದರೂ ಹೇಳಿಕೊಳ್ಳಬಹುದು, ಮಲಗುವುದನ್ನು ಹೊರಗಿನವರ ಮುಂದೆ ಹೇಗೆ ಹೇಳುವುದು?

ಮೂರು ಪಾಳಿ ಶುರುವಾಗುವ ಮುಂಜಾನೆ ಕಾರ್ಖಾನೆಯ ಮುಂದೆ ಎಲ್ಲರನ್ನೂ ಕೂಡಿಸಿ ಅಕ್ಕೋರು ನಿಯಮಗಳನ್ನು ಹೇಳಿದರು. ಎಲ್ಲ ಮುಗಿದ ಮೇಲೆ ಕಾಕಾನ ಕಡೆ ನೋಡಿ ಇನ್ನೊಂದನ್ನು ಸೇರಿಸಿದರು.

"ಇನ್ನಮ್ಯಾಲೆ ಯಾರೂ ಕಾಯಂ ರಾತ್ರಿ ದುಡಿಯೂದಿಲ್ಲ. ಎಲ್ಲಾರಿಗೂ ವಾರಕ್ಕೊಮ್ಮೆ ಪಾಳಿ ಬದ್ಲಿ. ಇದು ನಮ್ಮ ಸಿದ್ದಪ್ಪನ ಸಲುವಾಗಿ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕಾಕಾ. ಅವನ ಪಕ್ಕದಲ್ಲಿದ್ದ ಅಪ್ಪ ನೆಲ ನೋಡುತ್ತಾ ನಿಂತಿದ್ದ. ಚಪ್ಪಾಳೆ ತಟ್ಟುವಾಗ ಕಾಕಾನಿಗೆ ಹಾಸಿಗೆಯ ವಿಚಾರ ಹೊಳೆದಿತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಹೊಳೆದಿದ್ದರೂ ಅವನು ತಟ್ಟುತ್ತಿದ್ದ ಅಂತಲೇ ನನಗೆ ಅನ್ನಿಸುತ್ತದೆ. ಅವನಿಗೆ ಅಕ್ಕೋರ ಮೇಲೆ ಅಷ್ಟು ಭಕ್ತಿ.

ಈಗ ಹೇಳಬೇಕಾದ ಮಾತನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆ ಮಳೆಗಾಲದಷ್ಟು ಸುಖವಾಗಿ ನಾನು ಮತ್ತೆಂದೂ ಇರಲಿಲ್ಲ. ಅಪ್ಪ ಸಂಜೆ ಮನೆಯಲ್ಲಿರುತ್ತಾನೆ ಎಂಬುದೇ ನನಗೆ ಹೊಸದು. ಮೊದಲೆಲ್ಲ ಅವನು ಬಂದವನೇ ಉಂಡು, ಕಿವಿಯಲ್ಲಿ ಮಗ್ಗದ ಸದ್ದು ತುಂಬಿಕೊಂಡೇ ಮಲಗಿಬಿಡುತ್ತಿದ್ದ, ನಾವು ಏನು ಕೇಳಿದರೂ 'ಹಾಂ' ಅನ್ನುತ್ತಿದ್ದ. ಈಗ ಮುಂಜಾನೆಯ ಪಾಳಿ ಮುಗಿಸಿ ಬಂದು, ಸಂಜೆಗೆ ಅವ್ವನ ಜೊತೆ ಸಂತೆಗೆ ಹೋಗುತ್ತಿದ್ದ. ಅವಳು ಬೆಂಡೆಕಾಯಿ ಮುರಿದು ನೋಡುವಾಗ ಚೀಲ ಹಿಡಿದು ನಿಲ್ಲುತ್ತಿದ್ದ. ಒಂದು ದಿನ ನನ್ನ ಪುಸ್ತಕ ತೆಗೆದು, "ಇದರಾಗ ನಮ್ಮ ಮಗ್ಗದ್ದೇನರೆ ಬರದಾರೇನ?" ಎಂದು ಕೇಳಿದ. ಅವ್ವ ಹಾಡು ಗುನುಗುತ್ತಾ ರೊಟ್ಟಿ ಬಡಿಯುವುದನ್ನು ನಾನು ಕೇಳಿದ್ದು ಆಗಲೇ. ಕಾಕಾ ಹಗಲು ಮಲಗಿರುತ್ತಿದ್ದಾಗ ನಾವು ಪಾತ್ರೆ ಸದ್ದಾಗದಂತೆ, ಪಿಸುಮಾತಿನಲ್ಲಿ ಬದುಕುತ್ತಿದ್ದೆವು. ಈಗ ಹಗಲಿಗೆ ನಮ್ಮ ಮನೆಗೆ ದನಿ ಬಂದಿತ್ತು. ಕಾಕಾನ ಟ್ರಂಕನ್ನು ಕಿಟಕಿಯ ಕೆಳಗೆ ಎಳೆದು, ಅದರ ಮೇಲೆ ಪುಸ್ತಕ ಹರವಿ ಓದಲು ಕುಳಿತುಕೊಳ್ಳುತ್ತಿದ್ದೆ. ಅದು ನನ್ನ ಮೊದಲ ಮೇಜು.

ಕಾಕಾ ಎಲ್ಲಿದ್ದ? ಆ ಕಿಟಕಿಯಿಂದಲೇ ಕಾಣುತ್ತಿದ್ದ. ಮಾರುತಿ ಗುಡಿಯ ಕಟ್ಟೆಯ ಮೇಲೆ, ಮಳೆ ಬಂದರೆ ಗೋಣಿಚೀಲವನ್ನು ತಲೆಯ ಮೇಲೆ ಹೊದ್ದುಕೊಂಡು ಕುಳಿತಿರುತ್ತಿದ್ದ. ರಾತ್ರಿ ಪಾಳಿಯ ವಾರವಾದರೆ ಸರಿ, ಮೊದಲಿನಂತೆ ಹಗಲು ಬಂದು ಮಲಗುತ್ತಿದ್ದ. ಉಳಿದ ವಾರಗಳಲ್ಲಿ ಊಟ ಮಾಡಿ, ಕೈ ತೊಳೆದು, 'ಬರ್ತೀನಿ ವೈನಿ' ಎಂದು ಅತ್ತಿಗೆಗೆ ಹೇಳಿ ಹೊರಟುಬಿಡುತ್ತಿದ್ದ. ಎಲ್ಲಿಗೆ ಎಂದು ಅವ್ವ ಕೇಳಿದರೆ, 'ಗೆಳ್ಯಾನ ಖೋಲಿಗೆ'. ಅವನ ಗೆಳೆಯರ ಖೋಲಿಗಳೂ ನಮ್ಮ ಹಾಗೆಯೇ, ಒಂದು ಹಾಸಿಗೆಗೆ ಎರಡು ಪಾಳಿಯ ಜನ. ಹನ್ನೆರಡು ತಾಸಿನ ಊರಿನಲ್ಲಿ ಎಂಟು ತಾಸಿನ ಮನುಷ್ಯನಿಗೆ ಎಲ್ಲೂ ಜಾಗವಿರಲಿಲ್ಲ. ಸ್ವಲ್ಪ ದಿನ ಕಾರ್ಖಾನೆಯ ಬಟ್ಟೆಯ ಗಂಟುಗಳ ಮೇಲೆ ಮಲಗಿದ. ಬೀಡಿಯ ಕಿಡಿ ಬಿದ್ದರೆ ಗತಿಯೇನು ಎಂದು ಮಾಲಕರು ಅದನ್ನೂ ಬಿಡಿಸಿದರು. ಒಂಟಿ ಗಂಡಸಿಗೆ ಸಂಸಾರಸ್ಥರ ಓಣಿಯಲ್ಲಿ ಬಾಡಿಗೆಗೆ ಖೋಲಿ ಕೊಡಲು ಯಾರೂ ಒಪ್ಪಲಿಲ್ಲ.

ಒಂದು ಸಂಜೆ ಜೋರು ಮಳೆ. ಕಾಕಾ ಕಟ್ಟೆಯ ಮೇಲೆ ಮುದುಡಿ ಕುಳಿತಿದ್ದ. ನಾನು ಬಾಗಿಲಿಗೆ ಹೋಗಿ, "ಒಳಗ ಬಾ ಕಾಕಾ" ಎಂದೆ. ಅವನು ಕೈ ಆಡಿಸಿ, "ನೀ ಒಳಗ ಹೋಗಿ ಓದ್ಕೋ. ನಾ ಇಲ್ಲೇ ಆರಾಮ ಅದೀನಿ," ಅಂದ. ಎರಡನೇ ಸಲ ಕರೆಯಲಿಲ್ಲ ನಾನು. ಹೋಗಿ ಓದಿಕೊಂಡೆ. ಅವತ್ತು ಓದಿದ ಪಾಠ ಚೆನ್ನಾಗಿ ನೆನಪಿದೆ, ಅದು ಇನ್ನೂ ಹೆಚ್ಚಿನ ಕಷ್ಟ.

ಅಕ್ಕೋರು ಹೇಳಿದ ಮಾತಿಗೆ ತಪ್ಪಲಿಲ್ಲ. ಗಡಹಿಂಗ್ಲಜದ ಒಂದು ಮನೆಯವರು ಕಾಕಾನನ್ನು ನೋಡಲು ಬಂದರು. ಎಂಟು ತಾಸಿನ ಕೆಲಸ ಎಂದು ಕೇಳಿ ಹುಡುಗಿಯ ತಂದೆಗೆ ಸಂತೋಷವಾಗಿತ್ತು. ಅವಲಕ್ಕಿ ತಿಂದು, ಖೋಲಿಯನ್ನು ಸುತ್ತ ನೋಡಿ, "ಹುಡುಗಿ ಬಂದ್ರ ಎಲ್ಲಿ ಇರ್ತಾರ್ರಿ ಇವ್ರು?" ಎಂದು ಸಹಜವಾಗಿ ಕೇಳಿದರು. ಅಪ್ಪ ಅವ್ವನ ಮುಖ ನೋಡಿದ. ಅವ್ವ ಚಹಾದ ಕಡೆ ನೋಡಿದಳು. ಕಾಕಾ, "ನೋಡಾಕತ್ತೀವ್ರಿ ಒಂದ್ ಖೋಲಿ," ಅಂದ. ಅವರು ಹೇಳಿ ಕಳಿಸುತ್ತೇವೆಂದು ಹೋದರು, ಹೇಳಿ ಕಳಿಸಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಕಾಕಾನಿಗೆ ಕೆಮ್ಮು ಹತ್ತಿತು. ಅಪ್ಪ ರಾತ್ರಿ ಪಾಳಿಯಲ್ಲಿದ್ದ ಒಂದು ವಾರ, ಜ್ವರವೂ ಬಂತೆಂದು ಅವ್ವನೇ ಕಾಕಾನನ್ನು ಒಳಗೆ ಮಲಗಿಸಿದಳು. ಬೆಳಗಾಗುವುದರೊಳಗೆ ಓಣಿಯ ನೀರಿನ ನಳದ ಹತ್ತಿರ ಮಾತು ಶುರುವಾಗಿತ್ತು. ಗಂಡ ಇಲ್ಲದಾಗ ಮೈದುನ ಮನೆಯಲ್ಲಿ, ಜೊತೆಗೆ ವಯಸ್ಸಿಗೆ ಬಂದ ಹುಡುಗಿ. ಕೊಡ ಹೊತ್ತು ಬಂದ ಅವ್ವ ನೀರನ್ನು ಅರ್ಧ ಚೆಲ್ಲಿದಳು. ಜ್ವರ ಇಳಿದ ದಿನವೇ ಕಾಕಾ ಮತ್ತೆ ಕಟ್ಟೆಗೆ ಹೋದ. ಎರಡು ದಿನ ಬಿಟ್ಟು ಅಪ್ಪನ ಜೊತೆ ಅವ್ವ ಮೆಲ್ಲಗೆ ಮಾತಾಡಿದಳು.

"ನಾ ಕೆಟ್ಟಾಕಿ ಅಂತ ತಿಳ್ಕೋಬ್ಯಾಡ್ರಿ. ಅವ ನನ್ನ ಮಗಾ ಇದ್ದಂಗ. ಆದ್ರ ಹುಡುಗಿ ದೊಡ್ಡಾಕಿ ಆಗ್ಯಾಳ. ಎಲ್ಲೆರೆ ಒಂದ್ ಕಡೆ ಅವಗ ನೋಡ್ರಿ."

ಟ್ರಂಕಿನ ಮುಂದೆ ಕುಳಿತಿದ್ದ ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಅರ್ಧಕ್ಕೇ ನಿಂತದ್ದು ಮೂವರಿಗೂ ಕೇಳಿಸಿತು. ಕಾಕಾ ಒಳಗೆ ಬಂದ, ಏನೂ ಕೇಳದವನಂತೆ ಕೈ ತೊಳೆದು ಊಟಕ್ಕೆ ಕುಳಿತ. ಉಂಡು ಎದ್ದ ಮೇಲೆ ಅಂದ:

"ಸುಧಾರಣಾ ಆತಲ್ಲ ವೈನಿ. ಇನ್ನ ನಾ ಸುಧಾರಿಸ್ಕೋತೀನಿ."

ಅವ್ವನ ಚೇಷ್ಟೆಯ ಮಾತನ್ನೇ ಅವನು ತಿರುಗಿ ಆಡಿದ್ದ. ಅವಳಿಗೆ ಅವತ್ತು ನಗು ಬರಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮರುದಿನ ಅವನು ದತ್ತವಾಡಕ್ಕೆ ಹೋದ. ಅಲ್ಲಿ ಯಾರದೋ ಕಬ್ಬಿನ ಹೊಲ ನೋಡಿಕೊಳ್ಳುವ ಕೆಲಸ, ಹೊಲದಲ್ಲೇ ಒಂದು ಗುಡಿಸಲು. ಟ್ರಂಕು ಒಯ್ಯುವೆಯಾ ಎಂದು ಅಪ್ಪ ಕೇಳಿದ್ದಕ್ಕೆ, "ಇರಲಿ, ಹುಡುಗಿ ಓದಾಕತ್ತಾಳಲ್ಲ," ಎಂದು ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡ. ಅವನ ಜಾಗಕ್ಕೆ ಮಗ್ಗದ ಮುಂದೆ ಬೇರೆ ಒಬ್ಬ ಬಂದು ನಿಂತ.

ಅಕ್ಕೋರು ಗೆದ್ದರು. ನಮ್ಮ ಕಾರ್ಖಾನೆಯಲ್ಲಿ ಬಟ್ಟೆ ಕಡಿಮೆಯಾಗಲಿಲ್ಲ ಎಂಬುದೇ ಅವರ ದೊಡ್ಡ ಸಾಕ್ಷಿಯಾಗಿತ್ತು. ಗುಲಾಲು ಹಾರಿಸುತ್ತಾ ಮೆರವಣಿಗೆ ನಮ್ಮ ಓಣಿಗೆ ಬಂತು. ಬಾವುಟ ಯಾರ ಕೈಯಲ್ಲಿತ್ತೋ ನೆನಪಿಲ್ಲ. ಅಕ್ಕೋರು ಪೇಡೆಯ ಡಬ್ಬಿ ಹಿಡಿದು ನಮ್ಮ ಮನೆಯೊಳಗೇ ಬಂದು, "ಎಲ್ಲಿ ನಮ್ಮ ಸಿದ್ದಪ್ಪ?" ಎಂದು ಕೇಳಿದರು.

"ಹೊಲದ ಕೆಲಸಕ್ಕ ಹೋಗ್ಯಾನ್ರಿ," ಅಂದಳು ಅವ್ವ.

ಅವರನ್ನು ಓಣಿಯ ತುದಿಯವರೆಗೆ ಬಿಡಲು ನಾನು ಹೋದೆ. ಹಣೆಯ ಮೇಲೆ ಗುಲಾಲು, ಕೊರಳಲ್ಲಿ ಹಾರ. ಕಾರಿನ ಬಾಗಿಲು ತೆರೆದಾಗ ನನಗೆ ತಡೆಯಲಾಗಲಿಲ್ಲ.

"ಅವಗ ಮಕ್ಕೊಳ್ಳಾಕ ಜಾಗಾ ಇರ್ಲಿಲ್ರಿ ಅಕ್ಕೋರ. ಮೊದಲ ರಾತ್ರಿ ದುಡೀತಿದ್ದ, ಹಗಲಿ ಅಪ್ಪನ ಹಾಸಿಗಿ ಖಾಲಿ ಇರ್ತಿತ್ತು."

ಅಕ್ಕೋರು ಬಾಗಿಲನ್ನು ಹಿಡಿದುಕೊಂಡೇ ನಿಂತರು.

"ನಾ ಅದs ಹಾಸಿಗಿಗೆ ಒರಗಿ ಕುಂತಿದ್ನಲ್ಲ," ಅಂದರು. ಆಮೇಲೆ, "ಮೊದಲs ಯಾಕ ಹೇಳಲಿಲ್ಲ?"

"ಹೆಂಗ ಹೇಳೂದ್ರಿ?"

ಅವರು ಕೊರಳಿನ ಹಾರ ತೆಗೆದು ಕಾರಿನೊಳಗೆ ಇಟ್ಟರು.

ಮುಂದಿನ ವರ್ಷಗಳಲ್ಲಿ ಅವರು ಕೆಲಸಗಾರರಿಗೆ ವಸತಿ ಕಟ್ಟಿಸಬೇಕೆಂದು ಒಂದೇ ಸಮನೆ ಹೋರಾಡಿದರು. ಯಾವ ಮನೆಗೆ ಹೋದರೂ ಕೂಲಿಯ ಪ್ರಶ್ನೆಗೆ ಮೊದಲು, 'ಎಲ್ಲಿ ಮಕ್ಕೋತೀರಿ?' ಎಂದು ಕೇಳತೊಡಗಿದರು. ಅದನ್ನು ಕೇಳಿ ಜನ ಮುಸಿಮುಸಿ ನಗುತ್ತಿದ್ದರು. ವಸತಿಗೆ ಜಾಗ ಸಿಕ್ಕಿತು, ಅದರ ಮೇಲೆ ಬೋರ್ಡು ಎದ್ದಿತು, ಬೋರ್ಡಿನ ಸುತ್ತ ಹುಲ್ಲು ಬೆಳೆಯಿತು. ಮೂರು ಪಾಳಿ ಕೆಲವು ಕಾರ್ಖಾನೆಗಳಲ್ಲಿ ಬಂತು, ಕೆಲವಲ್ಲಿ ಬಂದು ಹೋಯಿತು. ಮಾಲಕರಿಗೆ ಅವರು ಹಠಮಾರಿ, ಕೆಲಸಗಾರರಿಗೆ ಬರೀ ಬೋರ್ಡಿನ ಅಕ್ಕೋರು. ಮುಂದಿನ ಚುನಾವಣೆಯಲ್ಲಿ ಸೋತರು. ನನ್ನ ಕಾಲೇಜಿನ ಖರ್ಚಿಗೆ ದಾರಿ ಮಾಡಿಕೊಟ್ಟವರೂ ಅವರೇ. ಕಾಕಾ ಕಟ್ಟೆಯ ಮೇಲೆ ನೆನೆದ, ನಾನು ಓದಿದೆ, ಅರ್ಥಶಾಸ್ತ್ರವನ್ನೇ ಓದಿದೆ. ಪ್ರತಿ ವರ್ಷ ತರಗತಿಯಲ್ಲಿ ದುಡಿಮೆಯ ಅವಧಿಯ ಪಾಠ ಬಂದಾಗ ಎಂಟು ತಾಸಿನ ಪಾಳಿಯ ಲಾಭಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ. ಒಂದೂ ಸುಳ್ಳಲ್ಲ. ಆದರೂ ಬರೆದು ತಿರುಗುವಾಗ ಯಾರಾದರೂ ಎದ್ದು, ಅವರೆಲ್ಲ ಮಲಗುವುದೆಲ್ಲಿ ಎಂದು ಕೇಳಿಯಾರು ಎಂಬ ಹೆದರಿಕೆ.

ಮೊನ್ನೆಯ ಸಮಾರಂಭದಲ್ಲೂ ನಾನು ಹಾಗೇ ಮಾಡಿದೆ. ಅಪ್ಪನಿಗೆ ಸಿಕ್ಕ ಸಂಜೆಗಳು, ಅವ್ವನ ಹಾಡು, ಕೆಡದ ಬಟ್ಟೆ ಎಲ್ಲವನ್ನೂ ಹೇಳಿದೆ. ಚಪ್ಪಾಳೆ ಬಿತ್ತು. ಶಾಲು ಹೊದ್ದು ಕುಳಿತಿದ್ದ ಅಕ್ಕೋರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕೆಳಗಿಳಿದ ಮೇಲೆ ನನ್ನ ತೋಳು ಹಿಡಿದರು.

"ಸಿದ್ದಪ್ಪನ ಹೆಸರು ತಗೀಲಿಲ್ಲ ನೀ."

"ಸತ್ಕಾರದ ದಿನ ಹೆಂಗ ತಗೀಲ್ರಿ?"

"ಅವನ ಮುಂದ ಒಂದು ಮಾತು ಆಡೂದೈತಿ ನನಗ. ಇಷ್ಟ ವರ್ಷ ಧೈರ್ಯ ಆಗಲಿಲ್ಲ. ಊಟ ಆಮ್ಯಾಲೆ ಮಾಡೂಣ, ನಡಿ."

ಅವರ ಕಾರಿನಲ್ಲೇ ದತ್ತವಾಡಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ತುಟಿ ಅಲ್ಲಾಡಿಸುತ್ತಿದ್ದರು, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದರೆಂದು ಕಾಣುತ್ತದೆ. ನಾನು ಹಬ್ಬಕ್ಕೊಮ್ಮೆ ಕಾಕಾನಿಗೆ ಫೋನ್ ಮಾಡುತ್ತೇನೆ, ಬಟ್ಟೆಬರೆ ಕಳಿಸುತ್ತೇನೆ. ಕೊಲ್ಹಾಪುರಕ್ಕೆ ಬಂದಿರು ಎಂದು ಕರೆದಿದ್ದೇನೆ, ನನ್ನ ಮನೆಯಲ್ಲಿ ಒಂದು ಖೋಲಿ ಖಾಲಿಯೇ ಇದೆ. ಬರುತ್ತೇನೆ ಅನ್ನುತ್ತಾನೆ, ಬರುವುದಿಲ್ಲ. ಬಂದರೂ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾನೆ.

ಕಾರು ರಸ್ತೆಯಲ್ಲೇ ನಿಂತಿತು. ಗುಡಿಸಲಿಗೆ ಹೊಲದ ಬದುವಿನ ಮೇಲೆ ನಡೆದೇ ಹೋಗಬೇಕು. ಕೆಸರಿನಲ್ಲಿ ಕೋಲೂರಿ, ನನ್ನ ಭುಜ ಹಿಡಿದು ಅಕ್ಕೋರು ನಡೆದರು. ತಲುಪುವಷ್ಟರಲ್ಲಿ ಅವರಿಗೆ ಏದುಸಿರು. ಕಬ್ಬಿನೊಳಗಿನಿಂದ ಹೊರಗೆ ಬಂದ ಕಾಕಾ ಮೊದಲು ನನ್ನನ್ನು ನೋಡಿ ನಕ್ಕ. ಅಕ್ಕೋರನ್ನು ಕಂಡವನೇ ಕುಡುಗೋಲು ಕೆಳಗಿಟ್ಟು ಕೈ ಒರೆಸಿಕೊಂಡ. ತಲೆ ಪೂರ್ತಿ ನರೆತಿತ್ತು.

"ಅಕ್ಕೋರ, ನೀವು? ಇಲ್ಲೀತನಕಾ?"

"ಸಿದ್ದಪ್ಪ, ನಾ ನಿನಗ..." ಏದುಸಿರಿಗೆ ಅಕ್ಕೋರ ಎದೆ ಮೇಲೆ ಕೆಳಗೆ ಆಗುತ್ತಿತ್ತು.

"ಮಾತು ಎಲ್ಲಿ ಓಡಿ ಹೋಗತೈತ್ರಿ? ಭಾಳ ದಣದೀರಿ. ಒಳಗ ಬರ್ರಿ, ಒಂದೀಟ ಸುಧಾರಿಸ್ಕೋರಿ."

ಅವನು ಮರೆತು ಅಂದನೋ ನೆನಪಿಟ್ಟು ಅಂದನೋ ತಿಳಿಯದು. ಅಕ್ಕೋರು ಕೋಲು ಹಿಡಿದ ತಮ್ಮ ಕೈಯನ್ನೇ ನೋಡುತ್ತಾ ನಿಂತರು. ಕಾಕಾ ಒಳಗೆ ಹೋಗಿ ಹಾಸಿಗೆ ಬಿಡಿಸಿ, ಕೌದಿಯನ್ನು ಝಾಡಿಸಿ ಹಾಸಿದ. ಗುಡಿಸಲು ಎಷ್ಟು ಚಿಕ್ಕದೆಂದರೆ ಹಾಸಿಗೆ ಹಾಸಿದರೆ ಒಲೆಯ ಬದಿಗೆ ಒಬ್ಬರು ನಿಲ್ಲುವಷ್ಟು ಜಾಗ. ಸುಮ್ಮನೆ ಕೂರುತ್ತೇನೆಂದ ಅಕ್ಕೋರು ಗೋಡೆಗೆ ಒರಗಿದರು, ಆಮೇಲೆ ಒಂದು ಬದಿಗೆ ವಾಲಿದರು. ಹೇಳಲು ಬಂದ ಮಾತು ಹಾಗೇ ಉಳಿಯಿತು. ಕಾಕಾನ ಹಾಸಿಗೆಯಲ್ಲಿ ಅವರಿಗೆ ಗಾಢ ನಿದ್ದೆ ಹತ್ತಿತು. ಕಾಕಾ ಅವರ ಕಾಲಿನ ಮೇಲೆ ಕೌದಿಯ ಅಂಚು ಎಳೆದು, ಸದ್ದಾಗದಂತೆ ಹೊರಗೆ ಹೋದ.

ಕಬ್ಬಿನ ಗರಿಗಳ ಮೇಲೆ ಸದ್ದು ಮಾಡುತ್ತಾ ಮಳೆ ಬಂತು. ಕಾಕಾ ಗೋಡೆಗೆ ಸಿಕ್ಕಿಸಿದ್ದ ಗೋಣಿಚೀಲ ತೆಗೆದು ತಲೆಯ ಮೇಲೆ ಹೊದ್ದು, ಬಾಗಿಲ ಮುಂದಿನ ಕಲ್ಲಿನ ಮೇಲೆ ಕುಳಿತುಕೊಂಡ. ಬೆನ್ನು ಬಾಗಿತ್ತು ಅನ್ನುವುದು ಬಿಟ್ಟರೆ ಕೂತ ಭಂಗಿ ಅದೇ.

"ಒಳಗ ಬಾ ಕಾಕಾ," ಎಂದೆ. ಅವನು ತಿರುಗಲಿಲ್ಲ. "ಕಾಕಾ, ತೊಯ್ಯಾಕತ್ತಿ. ಒಳಗ ಬಾ."

"ಎಲ್ಲಿ ಬರ್ಲಿ? ಅಕ್ಕೋರು ಮಕ್ಕೊಂಡಾರಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾನು ಹೊಸ್ತಿಲು ದಾಟಿ ಅವನ ಪಕ್ಕದಲ್ಲಿ ಕುಳಿತೆ. ಅವನು ಚೀಲದ ಅರ್ಧವನ್ನು ನನ್ನ ತಲೆಯ ಮೇಲೆ ಎಳೆದು, ಮೊಣಕೈಯಿಂದ ಮೆಲ್ಲಗೆ ತಿವಿದ.

"ನೀ ಒಳಗ ಹೋಗಿ ಓದ್ಕೋ," ಅಂದ. ಅಂದು ತಾನೇ ನಕ್ಕುಬಿಟ್ಟ. ನನಗೆ ನಗಲು ಆಗಲಿಲ್ಲ.